ಒಂದು ಗೇಣು ನೀರು

ಪರ್ಬುಗಳ ಬಲಗಿವಿ ಎಡಗಿವಿಗಿಂತ ಮುಂದಕ್ಕೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಆದದ್ದು. ಆಫೀಸಿನಲ್ಲಿ, ಸೈಟಿನಲ್ಲಿ, ಶುಕ್ರವಾರ ಇಗರ್ಜಿಗೆ ಪೂಜೆಗೆ ಹೋಗುವಾಗಲೂ ಅಲ್ಲೊಂದು ಮೋಟು ಪೆನ್ಸಿಲ್ ಇರುತ್ತಿತ್ತು. "ದೇವರ ಎದುರಾದರೂ ಅದನ್ನು ತೆಗೀಬಾರದಾ?" ಎಂದು ಹೆಂಡತಿ ಗೊಣಗಿದರೆ, "ದೇವರೂ ಕಟ್ಟುವವನೇ ಅಲ್ವಾ, ಅವನಿಗೆಂತ ಬೇಜಾರಿಲ್ಲ" ಎಂದು ನಗುತ್ತಿದ್ದರು.

ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಗೆ ಪರ್ಬುಗಳು ಎಂದೂ ಅವರ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ತುಳು ಮನೆಯಿಂದ ಬಂದ ನನಗೆ ಕುವೈತಿನಲ್ಲೂ ಅವರು ಪರ್ಬುಗಳೇ ಆದರು. ನಾನು ಕೆಲಸಕ್ಕಿದ್ದ ಕನ್ಸಲ್ಟೆಂಟ್ ಆಫೀಸಿನ ಸ್ಟ್ರಕ್ಚರಲ್ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಸಿಟ್ಟು ಬಂದರೆ ನನ್ನನ್ನು "ಇಂಜಿನಿಯರ್ರೇ" ಎನ್ನುವರು, ಖುಷಿಯಾದರೆ ಕೊಂಕಣಿಯಲ್ಲಿ "ಪುತಾ", ಅಂದರೆ ಮಗಾ ಎನ್ನುವರು. ಮೊದಲ ವರ್ಷ ನಾನು ಬರೀ ಇಂಜಿನಿಯರ್ರೇ ಆಗಿದ್ದೆ, ಪಾಪ.

ನನಗೆ ಆಗ ಒಂದೇ ಹಂಬಲ. ಲೈಸೆನ್ಸ್ ಬೇಕು. ನಮ್ಮ ಆಫೀಸಿನ ಪಾಲುದಾರರು ಅಮೆರಿಕದವರು; ಅಲ್ಲಿಯ ಲೈಸೆನ್ಸ್ ಪರೀಕ್ಷೆ ಪಾಸಾದವರು ಮಾತ್ರ ನಕ್ಷೆಗೆ ಸಹಿ ಹಾಕಬಹುದು ಎಂಬುದು ಅವರ ಕಟ್ಟುನಿಟ್ಟು. ಶುಐಬಾದ ಕಾರ್ಖಾನೆಗೆ ನಾನು ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕಿದ ತೊಲೆಯ ನಕ್ಷೆಗೆ ಇನ್ಯಾರೋ ಬಂದು ಗೀಚಿ ಹೋಗುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ! ತೊಂಬತ್ತರ ಅಕ್ಟೋಬರಿನ ಪರೀಕ್ಷೆಗೆ ನನ್ನನ್ನು ಕಳಿಸಲು ಆಫೀಸು ಒಪ್ಪಿತು. ಪರ್ಬುಗಳು ಅದೇ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವರು. "ಮೊದಲನೇ ಸಲ ಯಾಕೆ ಹೋಯಿತು ಅಂತ ನನಗೆ ಗೊತ್ತುಂಟು. ಅದನ್ನೇ ನಿನಗೆ ಕಲಿಸುವುದು. ಶುಕ್ರವಾರ ಇಲ್ಲಿ ರಜೆಯಲ್ಲವಾ, ಮನೆಗೆ ಬಾ" ಎಂದರು.

ಹಾಗೆ ಶುರುವಾಯಿತು ನಮ್ಮ ಶುಕ್ರವಾರದ ಪಾಠ. ಸಾಲ್ಮಿಯಾದಲ್ಲಿ ಅವರದು ನೆಲಮಹಡಿಯ ಮನೆ. ಪೂಜೆ ಮುಗಿಸಿ ಬಂದ ಕೂಡಲೇ ಊಟದ ಮೇಜಿನ ಒಂದು ತುದಿಯಲ್ಲಿ ಬಾಯಮ್ಮನ ಸಾನ್ನಾ ಎಂಬ ಮೆತ್ತನೆಯ ಇಡ್ಲಿ ಮತ್ತು ಮೀನುಸಾರು, ಇನ್ನೊಂದು ತುದಿಯಲ್ಲಿ ಅಭ್ಯಾಸದ ಲೆಕ್ಕಗಳು. ಪುಸ್ತಕದ ಲೆಕ್ಕವೆಂದರೆ ಅವರಿಗೆ ಅಷ್ಟಕ್ಕಷ್ಟೆ. ರಾಯ್ ಬಡಾವಣೆಯಲ್ಲಿ ಕಾರಿನ ಶೋರೂಮಿನ ಮುಂದೆ ಚಾಚಿಕೊಂಡ ಚಪ್ಪರ, ಸಬ್ಹಾನಿನ ಗೋದಾಮಿನ ತಗಡಿನ ಛಾವಣಿ, ಇಂಥವೇ ಅವರ ಪ್ರಶ್ನೆಗಳು. ಪರೀಕ್ಷೆ ಅಮೆರಿಕದ್ದಾದ್ದರಿಂದ ಎಲ್ಲವೂ ಪೌಂಡು, ಅಡಿ, ಇಂಚಿನಲ್ಲಿ ಇರಬೇಕು. ನಾವು ಊರಲ್ಲಿ ಕಲಿತದ್ದು, ಕುವೈತಿನ ಸೈಟಿನಲ್ಲಿ ಬಳಸುವುದು ಕಿಲೋ, ಮೀಟರು. ತಲೆ ಚಿಟ್ಟು ಹಿಡಿಯುತ್ತಿತ್ತು.

ಅವರ ಪಾಠಕ್ಕೆ ಎರಡು ಕಟ್ಟಳೆ. ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರ ಎಷ್ಟಿರಬಹುದೆಂದು ಅಂದಾಜು ಮಾಡಿ ಕಾಗದದ ಮೂಲೆಯಲ್ಲಿ ಬರೆಯಬೇಕು. "ಕ್ಯಾಲ್ಕುಲೇಟರಿಗೆ ನಾಚಿಕೆ ಇಲ್ಲ ಮಾರಾಯ. ಎಂತ ಒತ್ತಿದರೂ ಉತ್ತರ ಕೊಡ್ತದೆ. ನಾಚಿಕೆ ನಿನಗೆ ಇರಬೇಕು" ಎನ್ನುತ್ತಿದ್ದರು. ಎರಡನೆಯದು, ಲೆಕ್ಕ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ, ಇದರ ಅಡಿಯಲ್ಲಿ ಯಾರು ನಿಲ್ಲುತ್ತಾರೆ ಎಂದು ಬರೆಯಬೇಕು. ಗೋದಾಮಿನ ಲೆಕ್ಕವಾದರೆ 'ಮೂಟೆ ಹೊರುವವರು', ಶೋರೂಮಿನದಾದರೆ 'ಕಾರು ನೋಡಲು ಬಂದವರು, ಅವರ ಮಕ್ಕಳು'.

"ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕು ಕೊಡ್ತಾರಾ ಪರ್ಬುಗಳೇ?" ಎಂದು ಒಮ್ಮೆ ಕೇಳಿದೆ.

"ಕೊಡುವುದಿಲ್ಲ. ಬರಿ ನೀನು."

ಇನ್ನೊಂದು ಶುಕ್ರವಾರ ಕಾರಿನಲ್ಲಿ ಕೂರಿಸಿಕೊಂಡು ರಾಯ್‌ಗೆ ಕರೆದೊಯ್ದು, ಆ ಶೋರೂಮಿನ ಚಪ್ಪರದ ಅಡಿಯಲ್ಲೇ ನನ್ನನ್ನು ನಿಲ್ಲಿಸಿದರು. "ಇದು ಬಿರಿದರೆ ಮೊದಲು ಎಲ್ಲಿ ಬಿರಿಯುತ್ತದೆ? ಕೈ ತೋರಿಸು." ನಾನು ಚಪ್ಪರದ ತುದಿಗೆ ಕೈ ತೋರಿಸಿದೆ. "ಅಯ್ಯೋ ಇಂಜಿನಿಯರ್ರೇ! ಕೈಯನ್ನು ಮುಂದಕ್ಕೆ ಚಾಚಿ ಒಂದು ಕೊಡ ನೀರು ಹಿಡ್ಕೊಳ್ಳಿ. ನೋವು ಬೆರಳಿಗಾ, ಭುಜಕ್ಕಾ?" ಎಂದರು. ನಾನು ಅಲ್ಲೇ ಬಿಸಿಲಲ್ಲಿ ಕೈ ಚಾಚಿ ನಿಂತೆ. ಕಾವಲುಗಾರ ಓಡಿ ಬಂದು ಏನು ಎತ್ತ ಎಂದು ವಿಚಾರಿಸಿದ. ಪರ್ಬುಗಳು ಅವನಿಗೂ ಅದೇ ಪ್ರಶ್ನೆ ಕೇಳಿದರು. ಅವನೂ ಕೈ ಚಾಚಿ, ಸ್ವಲ್ಪ ಯೋಚಿಸಿ, ಭುಜ ಮುಟ್ಟಿ ತೋರಿಸಿ ನಕ್ಕ. ಆಮೇಲೆ ಮೂವರಿಗೂ ಚಹಾ ತರಿಸಿದ.

ಆ ದಿನವೇ ಮನೆಗೆ ಬರುವಾಗ ಅವರು ನೀರಿನ ಲೆಕ್ಕ ಹೇಳಿಕೊಟ್ಟದ್ದು. ಮನೆಯ ನೆಲಗಳನ್ನು ಚದರ ಮೀಟರಿಗೆ ಇನ್ನೂರು ಕಿಲೋ ಭಾರ ಹೊರುವ ಹಾಗೆ ಕಟ್ಟುತ್ತಾರೆ. "ಇನ್ನೂರು ಅಂದರೆ ಎಷ್ಟು, ಕಣ್ಣಿಗೆ ಕಾಣಿಸು" ಎಂದರು. ನನಗೆ ಕಾಣಿಸಲಿಲ್ಲ. ಕಾರಿನ ಸ್ಟಿಯರಿಂಗ್ ಮೇಲಿಂದ ಕೈ ತೆಗೆದು ಬೆರಳು ಅಗಲಿಸಿದರು. "ಒಂದು ಗೇಣು ನೀರು. ಕೋಣೆಯ ತುಂಬ ಒಂದು ಗೇಣು ನೀರು ನಿಲ್ಲಿಸಿದರೆ ಅಷ್ಟೇ ಭಾರ. ಮನೆಯ ನೆಲ ಅಂದರೆ ಒಂದು ಗೇಣು ನೀರು, ಅಷ್ಟೇ ನೆನಪಿಟ್ಟುಕೋ." ಕಾರು ಅತ್ತಿತ್ತ ಓಲಾಡಿತು. "ಗೇಣು ಸಾಕು, ಸ್ಟಿಯರಿಂಗ್ ಹಿಡೀರಿ!" ಎಂದು ನಾನು ಕೂಗಿಕೊಂಡೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು.

ಬೆಳಿಗ್ಗೆ ಎದ್ದರೆ ಬೀದಿಯಲ್ಲಿ ಟ್ಯಾಂಕು. ಆಫೀಸು ಖಲಾಸ್, ಬ್ಯಾಂಕು ಖಲಾಸ್, ಅಕ್ಟೋಬರಿನ ಪರೀಕ್ಷೆಯ ಮಾತಂತೂ ಕೇಳಲೇಬೇಡಿ. ಒಂಟಿಯಾಗಿರಲು ಹೆದರಿದ ನಮ್ಮೂರಿನ ಕೆಲವು ಸಂಸಾರಗಳು ಪರ್ಬುಗಳ ಮನೆಗೆ ಬಂದು ಸೇರಿದವು. ಹೋಟೆಲಿನವರು, ಆಸ್ಪತ್ರೆಯ ನರ್ಸುಗಳು, ಬ್ರಹ್ಮಚಾರಿಗಳಾದ ನಾವು. ದೊಡ್ಡ ಹಾಲಿನಲ್ಲಿ ಹೆಂಗಸರು ಮಕ್ಕಳು ಸಾಲಾಗಿ ಚಾಪೆ ಹಾಕಿ ಮಲಗುವರು, ನಾವು ಗಂಡಸರು ಅಡುಗೆಮನೆ, ಓಣಿ, ಎಲ್ಲಿ ಸಿಕ್ಕಿತೋ ಅಲ್ಲಿ.

ನೀರು ಯಾವಾಗ ನಿಲ್ಲುತ್ತದೋ ಎಂಬುದೇ ಎಲ್ಲರ ಭಯ. ಸಬ್ಹಾನಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದವರು ಖಾಲಿ ಬಿದ್ದಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಲಾರಿಯಲ್ಲಿ ಹೇರಿಕೊಂಡು ತಂದರು. ಒಂದೊಂದೂ ಸೊಂಟದೆತ್ತರ. ಎಲ್ಲಿಡುವುದು? ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಅಂಗಳದಲ್ಲಿಟ್ಟರೆ ಸೈನಿಕರ ಕಣ್ಣಿಗೆ ಬೀಳುತ್ತದೆ. ತಾರಸಿಗೆ ಹತ್ತಿದರೆ ಗುಂಡು ಹೊಡೆದಾರು. ಮಹಡಿಯ ಮೇಲಿನ ಮನೆ ಮಾತ್ರ ಖಾಲಿ ಇತ್ತು. ಅಲ್ಲಿಯ ಈಜಿಪ್ಟಿನ ಸಂಸಾರ ರಜೆಗೆ ಊರಿಗೆ ಹೋಗಿತ್ತು, ಬೀಗದ ಕೈ ಬಾಯಮ್ಮನ ಹತ್ತಿರವಿತ್ತು. ಆ ಮನೆಯ ಹಾಲಿನಲ್ಲಿ, ಅಂದರೆ ಮಕ್ಕಳು ಮಲಗುವ ಹಾಲಿನ ನೆತ್ತಿಯ ಮೇಲೆ, ಡ್ರಮ್ಮುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ರಬ್ಬರ್ ಪೈಪಿನಿಂದ ನೀರು ತುಂಬಿಸುವುದೆಂದಾಯಿತು.

"ನೆಲ ತಡೀತದಾ?" ಎಂದು ಹೋಟೆಲ್ ನಡೆಸುತ್ತಿದ್ದ ಭಟ್ರು ಕೇಳಿದರು. ಪರ್ಬುಗಳು ಕಿವಿಯಿಂದ ಪೆನ್ಸಿಲ್ ತೆಗೆದರು. ಅಂಥ ದಿನಗಳಲ್ಲಿ ಅವರ ನಿದ್ದೆ ಎಷ್ಟಿತ್ತೋ! ಎಲ್ಲರ ಅಕ್ಕಿ ಬೇಳೆಯ ಚಿಂತೆಯೂ ಅವರದೇ. ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಚಕಚಕನೆ ಗೀಚಿ, "ನೂರ ಮೂವತ್ತು ಬರ್ತದೆ. ನೆಲ ಇನ್ನೂರು ಹೊರುತ್ತದೆ. ಸಾಕು, ಯಲ್ಲಾ, ನಡೀರಿ, ತುಂಬಿಸಿ" ಎಂದರು.

ಪೈಪು ಬಿಟ್ಟರು. ಮೇಲಿನ ಹಾಲಿನ ಗೋಡೆಗೊರಗಿ ನಿಂತ ನನಗೆ ಎದುರಿನ ಡ್ರಮ್ಮಿನಲ್ಲಿ ನೀರು ಏರುವುದು ಕಾಣುತ್ತಿತ್ತು. ಸೊಂಟದೆತ್ತರದ ನೀರು. ಕಾರಿನಲ್ಲಿ ಅವರು ಅಗಲಿಸಿದ ಬೆರಳುಗಳು ನೆನಪಾದವು.  ಅವರೆದುರು ಬಾಯಿ ತೆರೆಯುವ ಧೈರ್ಯ ಎಲ್ಲಿಂದ ಬಂತೋ ಕಾಣೆ.

"ಪರ್ಬುಗಳೇ, ಮೂಲೆಯಲ್ಲಿ ಅಂದಾಜು ಬರೆದಿದ್ದೀರಾ?"

ಅವರು ಹಾಳೆ ನೋಡಿದರು. ಮೂಲೆ ಖಾಲಿ ಇತ್ತು. ಡ್ರಮ್ಮಿನ ಹತ್ತಿರ ಹೋಗಿ ಬುಡದಲ್ಲಿ ಕೈ ಅಗಲಿಸಿ ಇಟ್ಟರು. ಒಂದು ಗೇಣು. ಅದರ ಮೇಲೆ ಇನ್ನೊಂದು. ನಾಲ್ಕನೆಯ ಗೇಣಿಗೆ ಡ್ರಮ್ಮಿನ ಕಂಠ ಮುಟ್ಟಿತು. ದುಂಡನೆಯ ಡ್ರಮ್ಮುಗಳ ನಡುವಿನ ಸಂದು ಕಳೆದರೂ ಮೂರು ಗೇಣು ನೀರಿಗೆ ಕಡಿಮೆಯಿಲ್ಲ. 

"ನೂರ ಮೂವತ್ತು ಪೌಂಡು" ಎಂದರು ಮೆಲ್ಲನೆ. "ಚದರ ಅಡಿಗೆ. ನಿನಗೆ ಪಾಠ ಹೇಳಿ ಹೇಳಿ ನನ್ನ ಕೈ ಪೌಂಡಿನಲ್ಲೇ ಓಡಿತು ಪುತಾ. ಇನ್ನೂರು ಇರುವುದು ಕಿಲೋ, ಮೀಟರಿಗೆ." ಅಲ್ಲಿಯ ಪೌಂಡನ್ನು ಇಲ್ಲಿಯ ಕಿಲೋ ಪಕ್ಕ ನಿಲ್ಲಿಸಿ ಸಮವೆಂದುಬಿಟ್ಟಿದ್ದರು. ಮರುಕ್ಷಣವೇ ಇಡೀ ಮನೆಗೆ ಕೇಳುವಂತೆ ಕೂಗಿದರು: "ನೀರು ನಿಲ್ಲಿಸಿ! ಕೆಳಗಿನ ಮಕ್ಕಳನ್ನು ಹೊರಗೆ ಕಳಿಸಿ! ನನ್ನ ಲೆಕ್ಕ ತಪ್ಪು, ಇವನ ಅನುಮಾನ ಸರಿ."

ಭಟ್ರಿಗೆ ಸಮಾಧಾನವಾಗಲಿಲ್ಲ. "ನೀವು ದೊಡ್ಡವರು. ಇವನಿಗೆ ಲೈಸೆನ್ಸೇ ಇಲ್ವಲ್ಲ?"

"ಲೈಸೆನ್ಸ್ ನನ್ನ ಹತ್ರ ಉಂಟು ಭಟ್ರೇ. ಬುದ್ಧಿ ಈಗ ಇವನ ಹತ್ರ ಉಂಟು" ಎಂದು ಪೆನ್ಸಿಲನ್ನು ನನ್ನ ಕೈಗಿಟ್ಟರು. "ಎಷ್ಟು ಇಡಬಹುದು, ಎಲ್ಲಿ ಇಡಬಹುದು, ನೀನೇ ಹೇಳು. ಮೊದಲು ಅಂದಾಜು."

ನಾನು ಅಂದಾಜು ಬರೆದೆ, ಆಮೇಲೆ ಲೆಕ್ಕ ಮಾಡಿದೆ.  ಅಡಿಯಲ್ಲಿ ತೊಲೆ ಇರುವ ಗೋಡೆಗಳ ಬುಡಕ್ಕೆ ಮಾತ್ರ ಒಂದೊಂದೇ ಸಾಲು, ಹಾಲಿನ ನಡುವೆ ಒಂದೂ ಬೇಡ, ಉಳಿದವೆಲ್ಲ ಕೆಳಗೆ ಮೆಟ್ಟಿಲಿನ ಅಡಿಗೆ ಮತ್ತು ಮನೆಯ ಹಿಂದಿನ ಶೆಡ್ಡಿನ ಸಾಮಾನು ತೆಗೆದು ಅಲ್ಲಿಗೆ. ಎರಡು ಸಲ ತಾಳೆ ನೋಡಿ ಹೇಳಿದೆ. ಪರ್ಬುಗಳು ಹಾಳೆಯನ್ನು ಓದಿದರು, ಒಂದಂಕಿಯನ್ನೂ ತಿದ್ದಲಿಲ್ಲ. "ಸಹಿ ಹಾಕು" ಎಂದರು. ಹಾಕಿದೆ. ತುಂಬಿದ್ದ ಡ್ರಮ್ಮುಗಳನ್ನು ಬಕೆಟಿನಲ್ಲಿ ಖಾಲಿ ಮಾಡಿ ಸಾಗಿಸುವಷ್ಟರಲ್ಲಿ ಎಲ್ಲರ ರಟ್ಟೆ ಬಿದ್ದುಹೋಯಿತು.

ಆದರೆ ಸಂಜೆ ಹಾಲಿನೊಳಗೆ ಕಾಲಿಡಲು ಯಾವ ತಾಯಿಯೂ ಒಪ್ಪಲಿಲ್ಲ. ಅವರದು ತಪ್ಪಲ್ಲ. ಒಂದೇ ದಿನದಲ್ಲಿ ಒಬ್ಬ ಇಂಜಿನಿಯರ್ ಸರಿ ಎಂದ, ಇನ್ನೊಬ್ಬ ಅಲ್ಲ ಎಂದ, ಯಾರನ್ನು ನಂಬುವುದು? ಚಾಪೆ ಸುತ್ತಿಕೊಂಡು ಸೆಕೆಯ ಓಣಿಯಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟು ಕೂತುಬಿಟ್ಟರು.  ಪರ್ಬುಗಳು ತಮ್ಮ ಕೋಣೆಗೆ ಹೋಗಿ ಮಂಚವನ್ನು ದರದರ ಎಳೆದು ತಂದು ಹಾಲಿನ ಆ ಗೋಡೆಗೆ, ನೇರ ಡ್ರಮ್ಮುಗಳ ಸಾಲಿನ ಅಡಿಗೆ ಹಾಕಿದರು.

"ಎಂತದು ಇದು, ಬೇರೆ ಜಾಗ ಇಲ್ವಾ ನಿಮಗೆ?" ಎಂದರು ಬಾಯಮ್ಮ.

"ಇವನು ಕೊನೆಯ ಸಾಲು ಬರೆಯಲು ಮರೆತಿದ್ದಾನೆ. ಇದರ ಅಡಿಯಲ್ಲಿ ಯಾರು ಅಂತ. ನಾನು ಅಂತ ಬರಿ ಪುತಾ."

ಹೇಳಿ ಮಂಚದ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿಯೇಬಿಟ್ಟರು. ಬಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಮೇಲಿನ ಸ್ಲ್ಯಾಬು ನೋಡಿದರು, ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ತಮ್ಮ ದಿಂಬು ತಂದು ಪಕ್ಕದಲ್ಲಿ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ನರ್ಸೊಬ್ಬಳು ಮಗುವನ್ನೆತ್ತಿಕೊಂಡು ಒಳಗೆ ಬಂದಳು. ಒಬ್ಬೊಬ್ಬರಾಗಿ ಎಲ್ಲ ಚಾಪೆಗಳೂ ಬಂದವು. ನಾನು ಮಾತ್ರ ಕಣ್ಣೆವೆ ಮುಚ್ಚದೆ ಸ್ಲ್ಯಾಬನ್ನೇ ನೋಡುತ್ತ ಕೂತೆ. ಪರ್ಬುಗಳ ಗೊರಕೆ ಕೇಳುತ್ತಿತ್ತು. ಅಷ್ಟು ಗಟ್ಟಿಯಾಗಿ ಯಾರೂ ನನ್ನನ್ನು ನಂಬಿದ್ದಿಲ್ಲ, ಆಮೇಲೂ ನಂಬಿಲ್ಲ. ಬಸ್ಸು ಹಿಡಿದು ಬಾಗ್ದಾದ್ ದಾಟಿ ಜೋರ್ಡಾನಿಗೆ ಹೊರಡುವ ದಿನದವರೆಗೂ ಅವರು ಆ ಮಂಚವನ್ನು ಅಲ್ಲಿಂದ ಕದಲಿಸಲಿಲ್ಲ.

ಯುದ್ಧ ಮುಗಿದು ತೊಂಬತ್ತೊಂದರಲ್ಲಿ ಅವರೇ ಮೊದಲು ಹಿಂತಿರುಗಿದರು, ನನ್ನನ್ನೂ ಕರೆಸಿಕೊಂಡರು. ಎಣ್ಣೆಬಾವಿಗಳ ಹೊಗೆಯಿಂದ ನಡುಹಗಲಲ್ಲೂ ಕಾರಿನ ದೀಪ ಹಚ್ಚಬೇಕಿತ್ತು. ಸುಟ್ಟ ಕಟ್ಟಡಗಳಲ್ಲಿ ಯಾವುದು ಉಳಿಯುತ್ತದೆ, ಯಾವುದನ್ನು ಕೆಡವಬೇಕು ಎಂದು ನೋಡುವ ಕೆಲಸ. ಪ್ರತಿಯೊಂದರಲ್ಲೂ ಅವರು ಮೊದಲು ನನ್ನ ಅಂದಾಜು ಕೇಳಿ, ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ಮುಂದೆ ನಾನು ಪರೀಕ್ಷೆ ಬರೆದು ಪಾಸಾದೆ. ಲೈಸೆನ್ಸ್ ಬಂದ ದಿನ ಅವರಿಗೆ ತೋರಿಸಲು ಓಡಿದರೆ, "ಇದು ಹಳೇ ಸುದ್ದಿ ಮಾರಾಯ, ನಿನ್ನ ಸಹಿ ನಾನು ಯಾವಾಗಲೋ ನೋಡಿದ್ದೇನೆ" ಎಂದರು.

ಅವರು ತೀರಿಕೊಂಡದ್ದು ಮಂಗಳೂರಿನಲ್ಲಿ. ಇಗರ್ಜಿಯಲ್ಲಿ ಪೆಟ್ಟಿಗೆಯ ಹತ್ತಿರ ನಿಂತು ನೋಡಿದೆ. ಕಿವಿ ಹಾಗೆಯೇ ಮುಂದಕ್ಕೆ ಬಾಗಿತ್ತು, ಪೆನ್ಸಿಲ್ ಇರಲಿಲ್ಲ. ಬಾಯಮ್ಮ ಅದನ್ನು ಅವರ ಎದೆಯ ಜೇಬಿನಲ್ಲಿ, ಜಪಮಾಲೆಯ ಪಕ್ಕ ಇಟ್ಟಿದ್ದರು. ನಾನು ಎಲ್ಲರೆದುರೂ ನಾಚಿಕೆ ಬಿಟ್ಟು ಅತ್ತೆ.

ಈಗ ನನ್ನ ಮೇಜಿಗೆ ನಕ್ಷೆಗಳು ಸಹಿಗೆ ಬರುತ್ತವೆ. ಅಂಕಿಯೆಲ್ಲ ಕಂಪ್ಯೂಟರಿನದು, ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೂ ಪೆನ್ನು ಎತ್ತುವ ಮೊದಲು ನಕ್ಷೆಯಲ್ಲಿರುವ ಸ್ಲ್ಯಾಬಿನ ಅಡಿಗೆ ಮನಸ್ಸಿನಲ್ಲೇ ಅವರ ಮಂಚವನ್ನು ಎಳೆದು ಹಾಕುತ್ತೇನೆ. ಅವರು ಮಲಗಿ ಗೊರಕೆ ಹೊಡೆದರೆ ಮಾತ್ರ ಸಹಿ ಹಾಕುತ್ತೇನೆ.