ಬೆಳ್ಳುಳ್ಳಿ ಮಡಿಯಲ್ಲಿ ಮಿಂದ ಅತಿಥಿಗಳು

ಬೆಳ್ಳುಳ್ಳಿ ಇಡುತ್ತಿದ್ದ ಎರಡು ಕೋಣೆಗಳಿಗೆ ಸುಣ್ಣ ಬಳಿದು, ಬೆಟ್ಟ ನೋಡಲು ಬರುವವರನ್ನು ಇಳಿಸಿಕೊಳ್ಳುತ್ತೇನೆ ಎಂದಳು ನನ್ನ ಮೊಮ್ಮಗಳು. ಈ ವ್ಯಾಪಾರ ಗೆಲ್ಲಲು ಬಿಳಿ ಹಾಸು, ಚಿಕ್ಕ ಸೋಪು ಇರಬೇಕೆಂದು ಫೋನಿನ ವಿಡಿಯೊದಲ್ಲಿ ಯಾರೋ ಹೇಳಿದ್ದರಂತೆ. ಎರಡನ್ನೂ ತಂದಳು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಒಂದು ಹಲ್ಲಿ ಬಿಟ್ಟರೆ ಯಾರೂ ಇಳಿದುಕೊಳ್ಳಲಿಲ್ಲ.

ಅವಳ ಅಪ್ಪ, ನನ್ನ ಮಗ, ಕಡೆಯ ಮಾತು ಹೇಳಿದ. "ಈ ಅಬ್ಬ ಕಳೀಲಿ ಕಣಮ್ಮಿ. ಆಮ್ಯಾಕೆ ಬೆಳ್ಳುಳ್ಳಿ ಒಳಿಕ್ಕೆ ಬತ್ತದೆ."

"ಬೆಳ್ಳುಳ್ಳಿ ಬಾಡ್ಗೆ ಕೊಟ್ಟದಾ?"

"ಬಿಸ್ನೀರೂ ಕೇಳಲ್ಲ."

ದೀಪಾವಳಿ ಕಳೆದ ಮೇಲೆ ನಮ್ಮ ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬ. ಅದನ್ನು ನೋಡಲು ಮೈಸೂರಿನಿಂದ ನಾಲ್ವರು ಗಂಡಸರು ಬಂದು ನಮ್ಮಲ್ಲಿ ಇಳಿದರು. ಹೋದವರು ಬರೀ ನೋಡಿ ಬರಲಿಲ್ಲ. ತಲೆಯಿಂದ ಕಾಲಿನವರೆಗೆ ಹಸಿರಾಗಿ ಬಂದು ಬಾಗಿಲಲ್ಲಿ ನಿಂತರು. ಬಚ್ಚಲಿಗೆ ಹೋಗಬೇಕಾದರೆ ಬಿಳಿ ಹಾಸಿಗೆಗಳನ್ನು ದಾಟಬೇಕು. ಮೊಮ್ಮಗಳ ಮುಖವೂ ಹಾಸಿನ ಬಣ್ಣಕ್ಕೆ ತಿರುಗಿತು.

ಹಬ್ಬದ ಸಗಣಿಯನ್ನು ನಾವು ಹೊಲಕ್ಕೆ ಹಾಕುವವರು. ಬೆಳೆ ಚೆನ್ನಾಗಿ ಬರುತ್ತದೆ. ನಾಲ್ಕು ಮೈಯಷ್ಟು ಸಗಣಿ ಮೋರಿಗೆ ಹೋಗುವುದನ್ನು ನೋಡಿಕೊಂಡು ಇರಲು ನನ್ನಿಂದ ಆಗಲಿಲ್ಲ. ಅವರನ್ನು ಹಿತ್ತಲಿಗೆ ಕರೆದೊಯ್ದು, ಬಿತ್ತನೆಗೆ ಹದ ಮಾಡಿದ್ದ ಬೆಳ್ಳುಳ್ಳಿ ಮಡಿಗಳಲ್ಲಿ ಮಡಿಗೊಬ್ಬರಂತೆ ನಿಲ್ಲಿಸಿದೆ.

"ಅಜ್ಜೀ, ಕಾಸು ಕೊಟ್ಟು ಬಂದೋರು ಕಣಜ್ಜಿ," ಎಂದಳು ಮೊಮ್ಮಗಳು. ಅಳುವುದೊಂದು ಬಾಕಿ.

"ಸಗಣಿ ನಮ್ಮೋರ ದನದ್ದು. ಅಂಡೆ ನೀರು ತತ್ತಾ."

ಬಿಸಿನೀರು ಹೊಯ್ದು ಸೀಗೆಪುಡಿ ಹಾಕಿ ತಿಕ್ಕಿದೆ. "ಲೇ ಮಗಾ, ಆ ಮೂಲೆಗೆ ಏನೂ ಬಿದ್ದಿಲ್ಲ. ಒಸಿ ಅತ್ತಗೆ ಸರ್ಕೊಂಡು ತಲೆ ಒದರ್ಲಾ."

ಮೊದಲ ಮಡಿಯಲ್ಲಿದ್ದ ಒಬ್ಬರು ಸರಿದುಕೊಂಡು ಒದರಿದರು. ಅವರು ಕಾಲೇಜಿನಲ್ಲಿ ಪಾಠ ಹೇಳುವವರೆಂದು ಆಮೇಲೆ ತಿಳಿಯಿತು. ಕಣ್ಣಿನ ನೀರು ಒರೆಸಿಕೊಂಡು, "ಅಜ್ಜಿ, ಮುಂದಿನ ವರ್ಷವೂ ಈ ಮಡಿ ನನಗೇ ಇರಲಿ," ಎಂದರು. ಉಳಿದವರೂ ತಮ್ಮ ತಮ್ಮ ಮಡಿ ಹಿಡಿದರು. ಹೋಗುವಾಗ ಮುಂದಿನ ಹಬ್ಬಕ್ಕೆ ಎರಡೂ ಕೋಣೆ ಹೇಳಿಟ್ಟರು. ಪೊಂಗಲ್‌ಗೆ ಅವರ ನೆಂಟರು ಬರುತ್ತಾರಂತೆ. ಸೋಪು ಕಾಗದ ಬಿಚ್ಚದೆ ಹಾಗೇ ಇತ್ತು.

ಫೋನಿನಲ್ಲಿ ನಮ್ಮ ಮನೆಯ ವಿಚಾರದ ಕೆಳಗೆ ಮೊಮ್ಮಗಳು ಈಗ 'ಹಿತ್ತಲಲ್ಲಿ ಅಜ್ಜಿ ಮೀಯಿಸುತ್ತಾರೆ' ಎಂದು ಸೇರಿಸಿದ್ದಾಳೆ. ನನ್ನನ್ನು ಕೇಳಲಿಲ್ಲ.

ಬೆಳ್ಳುಳ್ಳಿ ನನ್ನ ಮಂಚದ ಮೇಲಿನ ಜಂತೆಗೆ ಬಂದಿದೆ. ಘಾಟಿಗೆ ನಿದ್ದೆಯೇ ಇಲ್ಲ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತೇನೆ. ಅಲ್ಲೇಕೆ ಇಟ್ಟಿರಿ ಎಂದು ಅವರು ಕೇಳಬೇಕು. ಕೇಳಿದರೆ ಮೊಮ್ಮಗಳ ಸುದ್ದಿ ಪೂರ್ತಿ ಹೇಳಬಹುದು. ಕೇಳದವರಿಗೂ ಹೇಳಿದ್ದೇನೆ.