ಮಧ್ಯಾಹ್ನ ನೋಡಿದ ಕಾರು

ಹಳೆಯ ಕಾರು ಕೊಳ್ಳಲು ಹೋದವರೆಲ್ಲ ಮೊದಲು ಅದರ ಚಕ್ರವನ್ನು ಒದೆಯುತ್ತಾರೆ. ಈ ಪಾದಪ್ರಹಾರದಿಂದ ಯಾವ ಜ್ಞಾನ ಲಭಿಸುತ್ತದೆಂದು ನಾನು ಹಲವರನ್ನು ಕೇಳಿದ್ದೇನೆ; ಕೇಳಿಸಿಕೊಂಡವರು ನನ್ನನ್ನೇ ಕನಿಕರದಿಂದ ನೋಡಿದ್ದಾರೆ. ಒದೆಸಿಕೊಂಡ ಚಕ್ರ ಏನೂ ಹೇಳುವುದಿಲ್ಲ, ಒದ್ದವರು ಮಾತ್ರ ಎಲ್ಲ ತಿಳಿದವರಂತೆ ತಲೆದೂಗುತ್ತಾರೆ. ಆಮೇಲೆ ಬಾಗಿಲು ತೆಗೆದು ಧಡ್ ಎಂದು ಹಾಕುತ್ತಾರೆ, ಹಾರನ್ ಒತ್ತುತ್ತಾರೆ, ಸೀಟಿನ ಮೇಲೆ ಕುಳಿತು ಒಂದೆರಡು ಸಲ ಕುಪ್ಪಳಿಸುತ್ತಾರೆ. ಅಲ್ಲಿಗೆ ಪರೀಕ್ಷೆ ಸಮಾಪ್ತ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರವೂ ಇದಕ್ಕಿಂತ ಬಹಳ ಆಳವಾದುದಲ್ಲ. ಹಾಡು ಬರುತ್ತದೆಯೇ ಎಂದು ಕೇಳಿ ಒಂದು ದೇವರನಾಮ ಹಾಡಿಸುತ್ತಾರೆ. ಮದುವೆಯಾದ ಮೇಲೆ ಆ ಹಾಡನ್ನು ಯಾರಾದರೂ ಇನ್ನೊಮ್ಮೆ ಹಾಡೆಂದು ಕೇಳಿದ ಮನೆಯನ್ನು ನಾನಂತೂ ಕಂಡಿಲ್ಲ.

ಕಾರಿನ ಮಾತಿಗೆ ಹೆಣ್ಣಿನ ಮಾತನ್ನು ಏಕೆ ತಂದೆನೆಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ನಮ್ಮ ಮನೆಗೆ ಕಾರು ಬಂದದ್ದೇ ನನ್ನ ಅಕ್ಕನ ದೆಸೆಯಿಂದ.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷಗಳಾಗಿದ್ದ ಕಾಲ. ತುಮಕೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಅಪ್ಪ, ಅಕ್ಕನನ್ನು ಕುಣಿಗಲ್ಲಿನ ಒಂದು ಮನೆಗೆ ಕೊಟ್ಟಿದ್ದರು. ಭಾವ ಮಿತಭಾಷಿ, ಸಾಧು. ಅಕ್ಕನಿಗೆ ಅವರ ಮೇಲೆ ಪ್ರೀತಿ ಹುಟ್ಟಲು ಒಂದು ಮಳೆಗಾಲ ಸಾಕಾಯಿತು. ಆಮೇಲೆ ಮಾಗಿ ಬಂತು. ಆ ಮನೆ ಇದ್ದದ್ದು ಕೆರೆಯ ಏರಿಗೆ ಹತ್ತಿರ. ನೀರಿನ ಮೇಲಿಂದ ಬೀಸುವ ಥಂಡಿಗಾಳಿಗೆ ಅಕ್ಕನ ಬಾಲ್ಯದ ಉಬ್ಬಸ ಮರುಕಳಿಸಿತು. ‘ಸ್ವಲ್ಪ ಸುಧಾರಿಸಿಕೊಂಡು ಬರಲಿ’ ಎಂದು ತವರಿಗೆ ಕಳಿಸಿದವರು, ಸುಧಾರಿಸಿದ ಮೇಲೂ ಕರೆಯಲಿಲ್ಲ. ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟರು ಎಂಬ ಮಾತು ಬಂಧುಗಳ ಬಾಯಲ್ಲಿ ಹಾದು ನಮ್ಮನ್ನು ಮುಟ್ಟಿತು.

ಪಂಚಾಯಿತಿ ಕುಣಿಗಲ್ಲಿನ ಅವರ ನಡುಮನೆಯಲ್ಲೇ ಸೇರಿತು; ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆವು. ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳ ಹುಲಿ. ಯಾವ ವಿಷಯಕ್ಕೂ ಪರ, ವಿರೋಧ ಎರಡನ್ನೂ ಸಮಾನ ನಿಷ್ಠೆಯಿಂದ ಮಂಡಿಸಬಲ್ಲವನು, ಎಂದರೆ ಎರಡರಲ್ಲೂ ನಿಷ್ಠೆಯಿಲ್ಲದವನು. ಅಪ್ಪ ತಲೆತಗ್ಗಿಸಿ ಕುಳಿತದ್ದನ್ನು ನೋಡಲಾರದೆ ನಾನು ಎದ್ದು ನಿಂತೆ. ನೀವು ಬಂದು ಹೆಣ್ಣು ನೋಡಿದಿರಿ, ಜಾತಕ ಕೇಳಿದಿರಿ, ಹಾಡಿಸಿದಿರಿ, ಹೋಳಿಗೆ ಮಾಡಿದವರಾರೆಂದೂ ವಿಚಾರಿಸಿದಿರಿ. ಉಸಿರಾಟದ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳಿದಿರಾ? ಕೇಳಿದ್ದಕ್ಕೆ ಸುಳ್ಳು ಹೇಳಿದರೆ ವಂಚನೆ. ಕೇಳದಿದ್ದುದನ್ನು ಹೇಳದಿದ್ದರೆ ಅದು ವಂಚನೆ ಹೇಗಾದೀತು? ಅಕ್ಕನ ಮಾವ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ ಮೆಲ್ಲಗೆ ಹೇಳಿದರು: “ಮಾತ್ನಲ್ಲಿ ನೀನೇ ಗೆದ್ದೆ ಕಣಪ್ಪ. ಗೆದ್ದೋರು ಹೆಣ್ಮಗೀನೂ ಕರ್ಕೊಂಡ್ ಹೋಗಿ.”

ಅಕ್ಕ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನಮ್ಮೊಡನೆ ಬಸ್ಸು ಹತ್ತಿದಳು. ಮದುವೆಯ ಟ್ರಂಕನ್ನು ತುಮಕೂರಿನ ಮನೆಯಲ್ಲಿ ಅವಳು ಪೂರ್ತಿ ಬಿಚ್ಚಲೇ ಇಲ್ಲ. ನಾಳೆ ಹೊರಡುವವಳಂತೆ ಬೇಕಾದ ಸೀರೆಯೊಂದನ್ನು ಎಳೆದುಕೊಂಡು ಮತ್ತೆ ಮುಚ್ಚಿಡುತ್ತಿದ್ದಳು.

ಹೀಗೆ ಎರಡು ಬೇಸಿಗೆ ಕಳೆದ ಮೇಲೆ, ಯಡಿಯೂರಿಗೆ ದೇವರ ದರ್ಶನಕ್ಕೆ ಹೋಗಿದ್ದ ದೂರದ ನಂಟರೊಬ್ಬರು ಅಲ್ಲಿ ಅಕ್ಕನ ಅತ್ತೆಯನ್ನು ಕಂಡು ಸುದ್ದಿ ತಂದರು: ಅವರ ಮನಸ್ಸು ಮೆತ್ತಗಾಗಿದೆ, ದಸರಾ ಕಳೆದ ಮೇಲೆ ಮರ್ಯಾದೆಯಿಂದ ಕರೆತಂದು ಬಿಟ್ಟರೆ ಬೇಡವೆನ್ನಲಿಕ್ಕಿಲ್ಲ. ‘ಮರ್ಯಾದೆಯಿಂದ’ ಎಂಬುದನ್ನು ಅಪ್ಪ ತಮ್ಮದೇ ರೀತಿಯಲ್ಲಿ ಬಿಡಿಸಿದರು. ಟ್ರಂಕು ಹೊತ್ತು ಬಸ್ಸಿನಿಂದಿಳಿದರೆ ಮಗಳು ತಿರಸ್ಕೃತ ಸಾಮಾನಿನಂತೆ ಕಾಣುತ್ತಾಳೆ. ಕಾರಿನಿಂದಿಳಿದರೆ ಮನೆಯ ಸೊಸೆಯಂತೆ ಕಾಣುತ್ತಾಳೆ. ಬಾಡಿಗೆಯ ಕಾರು ಬೇಡ, ಸ್ವಂತದ್ದೇ ಇರಬೇಕು, ಏಕೆಂದರೆ ಆಮೇಲೂ ಹೋಗಿಬರುವುದಿದೆಯಲ್ಲ. ಬಿ.ಎಚ್. ರಸ್ತೆಯಲ್ಲಿ ಹಳೆಯ ಗಾಡಿಗಳ ವ್ಯಾಪಾರ ಮಾಡುತ್ತಿದ್ದ ಗಂಗಣ್ಣನವರ ಅಂಗಡಿಗೆ ನಾವು ಒಂದು ಮಧ್ಯಾಹ್ನ ಹೋದೆವು. ಗುಂಡು ಬೆನ್ನಿನ ಬಿಳಿಯ ಕಾರೊಂದು ಹೊಂಗೆಮರದ ಕೆಳಗೆ ನಿಂತಿತ್ತು. ಕೀಲಿ ತಿರುಗಿಸಿದೊಡನೆ ಇಂಜಿನು ತೃಪ್ತ ಬೆಕ್ಕಿನಂತೆ ಗುರುಗುಟ್ಟಿತು. ಅಪ್ಪ ಚಕ್ರವನ್ನು ಒದ್ದರು. ಅಲ್ಪಸ್ವಲ್ಪ ಚಾಲನೆ ಕಲಿತಿದ್ದ ನಾನು ಸೀಟಿನ ಮೇಲೆ ಕುಪ್ಪಳಿಸಿದೆ. ಸಂಜೆಗೆ ಕಾರು ನಮ್ಮ ಬಾಗಿಲಲ್ಲಿತ್ತು, ಅದರ ಮೂತಿಗೆ ಅಮ್ಮ ಹಚ್ಚಿದ ಕುಂಕುಮವಿತ್ತು.

ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಅದು ಕೆಮ್ಮಿತು. ಕೆಮ್ಮಿ, ಎಳೆದೆಳೆದು ಉಸಿರುಬಿಟ್ಟು, ನಿಂತಿತು. ಅಡುಗೆಮನೆಯಲ್ಲಿದ್ದ ಅಮ್ಮ, ಅಕ್ಕನಿಗೇ ಶುರುವಾಯಿತೆಂದು ಗಾಬರಿಯಿಂದ ಓಡಿ ಬಂದಳು. ಅಕ್ಕ ಬಚ್ಚಲೊಲೆಗೆ ಸೌದೆ ಒಟ್ಟುತ್ತಾ ಆರಾಮಾಗಿದ್ದಳು. ಅಂದಿನಿಂದ ಪ್ರತಿ ಮುಂಜಾನೆ ನಮ್ಮ ಬೀದಿಯ ಸದ್ಗೃಹಸ್ಥರು ಆ ಕಾರನ್ನು ತಳ್ಳುವುದನ್ನು ನಿತ್ಯಕರ್ಮಗಳಲ್ಲಿ ಸೇರಿಸಿಕೊಂಡರು. ಬಿಸಿಲೇರಿದ ಮೇಲೆ ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ತಣ್ಣಗಿದ್ದಾಗ ಮಾತ್ರ ಪ್ರಾಣಸಂಕಟ. ಇದು ಸವೆದ ಇಂಜಿನಿನ ಲಕ್ಷಣವೆಂದೂ, ಗಿರಾಕಿ ಬರುವ ಮೊದಲು ಒಂದಿಷ್ಟು ಓಡಿಸಿ ಬಿಸಿಮಾಡಿ ನಿಲ್ಲಿಸಿದರೆ ಬ್ರಹ್ಮನಿಗೂ ತಿಳಿಯುವುದಿಲ್ಲವೆಂದೂ ಕಾರು ರಿಪೇರಿ ಷೆಡ್ಡಿನವನು ಹೇಳಿದ.

ನಾನು ಅಪ್ಪನನ್ನು ಕರೆದುಕೊಂಡು ಗಂಗಣ್ಣನವರ ಅಂಗಡಿಗೆ ನುಗ್ಗಿದೆ. ವಿಷಯ ಮಂಡನೆ, ಆಧಾರ, ಉಪಸಂಹಾರ, ಎಲ್ಲವೂ ಸಿದ್ಧವಾಗಿತ್ತು. ಗೊತ್ತಿದ್ದ ದೋಷವನ್ನು ಮುಚ್ಚಿಡುವುದು ಸುಳ್ಳು ಹೇಳುವುದಕ್ಕಿಂತ ಹೀನವೆಂದೆ. ನಂಬಿ ಬಂದವರ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ದರೋಡೆಯೆಂದೆ. ನನ್ನ ಜೀವನದ ಅತ್ಯುತ್ತಮ ಭಾಷಣಗಳಲ್ಲಿ ಅದೊಂದು. ಗಂಗಣ್ಣನವರು ಕೋಪಿಸಿಕೊಳ್ಳಲಿಲ್ಲ. ನಮಗೆ ಕಾಫಿ ಹೇಳಿ, ಪೂರ್ತಿ ಕೇಳಿಸಿಕೊಂಡು, ಅಪ್ಪನ ಕಡೆ ತಿರುಗಿದರು.

“ಮೇಷ್ಟ್ರೇ, ನೀವು ಬಂದಿದ್ದು ಮಧ್ಯಾಹ್ನ. ಚಕ್ರ ನೋಡಿದ್ರಿ, ಸೀಟ್ ನೋಡಿದ್ರಿ. ಬೆಳಗಿನ್ ಜಾವ ಹೆಂಗಪ್ಪಾ ಸ್ಟಾರ್ಟ್ ಆಯ್ತದೆ ಅಂತ ಒಂದ್ ಮಾತು ಕೇಳಿದ್ರಾ? ಕೇಳಿದ್ರೆ ನಾನು ಸುಳ್ ಹೇಳ್ತಿರ್ಲಿಲ್ಲ. ನೀವು ಕೇಳ್ಲಿಲ್ಲ.”

ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಪ್ರತಿವಾದಿಗಳನ್ನು ಕಂಡಿದ್ದೇನೆ. ನನ್ನದೇ ವಾದವನ್ನು, ಅದೂ ನನಗಿಂತ ಸಂಕ್ಷಿಪ್ತವಾಗಿ, ಮಂಡಿಸಿದವರು ಅವರೊಬ್ಬರೇ. ಕಾಫಿ ಬಂತು. ಅಪ್ಪ ಅದನ್ನು ಮುಟ್ಟದೆ ಕೊಡೆ ಎತ್ತಿಕೊಂಡು ಎದ್ದರು. ರಸ್ತೆಯಲ್ಲಿ ಬಹಳ ದೂರ ನಡೆದು, ಲಾರಿಯೊಂದು ಹಾದುಹೋಗಲೆಂದು ನಿಂತಾಗ, ನನ್ನ ಮುಖ ನೋಡದೆಯೇ ಕೇಳಿದರು: “ಕುಣಿಗಲ್ನೋರು ಸಂಕ್ರಾಂತಿಗೇ ಹೆಣ್ಣು ನೋಡೋಕೆ ಬರ್ತೀವಿ ಅಂದಿದ್ರು. ನಾನು ಯಾಕೆ ಯುಗಾದಿ ಕಳೀಲಿ ಅಂದೆ, ಗೊತ್ತೇನೋ?”

ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಬಿಸಿಲಿನಲ್ಲಿ ಅಕ್ಕನ ಉಸಿರು ಎಂದೂ ಸಲೀಸು.

ಮನೆಯಲ್ಲಿ ಅಕ್ಕ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಅಪ್ಪ ರಸ್ತೆಯಲ್ಲಿ ಹೇಳಿದ್ದನ್ನೂ ನಾನು ಮುಚ್ಚಿಡಲಿಲ್ಲ. ಅವಳು ಅಳಬಹುದೆಂದುಕೊಂಡಿದ್ದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೂ ನಿಲ್ಲಿಸಲಿಲ್ಲ.

“ಕಾರನ್ನ ಬೆಳಿಗ್ಗೆ ತೋರಿಸ್ಬೇಕಿತ್ತು ಅಂತ ಅಷ್ಟು ಕೂಗಾಡಿ ಬಂದ್ಯಲ್ಲ, ಹಂಗಾದ್ರೆ ನನ್ನೂ ಮಾಗೀಲೇ ತೋರ್ಸಿ. ಉಸಿರು ಕಟ್ಟಿರೋ ದಿನ ಕರ್ಕೊಂಡ್ ಹೋಗು. ನೋಡಿ ಇಟ್ಕೊಂಡ್ರೆ ಇಟ್ಕೊಳ್ಲಿ. ದಸರಾ ಆದ್ಮೇಲೆ ಹೋಗಿ, ಚಳಿ ಬಂತು ಅಂತ ಇನ್ನೊಂದ್ಸಲ ವಾಪಸ್ ಬರಕ್ಕೆ ನನ್ ಕೈಲಾಗಲ್ಲ ಕಣೋ.”

ನೀನೇನು ಕಾರೇ ಎಂದು ನಾನು ರೇಗಿದೆ.

“ಅಲ್ಲ ಕಣ್ಲಾ. ಕಾರಿಗೆ ಬಾಯಿಲ್ಲ, ನಂಗಿದೆ.”

ಆ ಹೊತ್ತಿಗೆ ನನಗೆ ಪ್ರತ್ಯುತ್ತರಗಳ ಮೇಲೆಯೇ ಅಸಹ್ಯ ಹುಟ್ಟಿತ್ತು. ದಸರಾ ಸುಮ್ಮನೆ ಕಳೆಯಿತು. ಕಾರಿನಿಂದ ಇನ್ನು ಪ್ರಯೋಜನವಿಲ್ಲವೆಂದು ಅಪ್ಪ ಅದನ್ನು ಮಾರಲು ಹೊರಟರು. ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಮಧ್ಯಾಹ್ನ ಬರುತ್ತೇನೆಂದರೆ, ಬೇಡ, ಸೂರ್ಯ ಹುಟ್ಟುವ ಮೊದಲೇ ಬನ್ನಿ ಎಂದು ಅಪ್ಪ ಹಟ ಹಿಡಿದರು. ಬಂದವರ ಮುಂದೆ ಕಾರನ್ನು ಮನಸಾರೆ ಕೆಮ್ಮಿಸಿ, ಪಾಠ ಮಾಡುವ ಧಾಟಿಯಲ್ಲಿ ಅದರ ಸಮಸ್ತ ನ್ಯೂನತೆಗಳನ್ನೂ ವಿವರಿಸಿದರು. ಗುಬ್ಬಿಯವರು ಆಲಿಸಿದಷ್ಟೂ ಕಳವಳಗೊಂಡರು. ಮಾರುವವನೇ ಇಷ್ಟು ಹೇಳುತ್ತಿದ್ದಾನೆಂದರೆ ಹೇಳದೆ ಉಳಿಸಿಕೊಂಡದ್ದು ಇನ್ನೆಷ್ಟು ಘೋರವಾಗಿರಬೇಕೆಂಬ ಲೆಕ್ಕಾಚಾರ ಅವರ ಮುಖದಲ್ಲಿ ನಡೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಹಿಂದೆ ನೋಡದೆ ಮೊದಲ ಬಸ್ಸಿಗೇ ಹೊರಟುಹೋದರು. ಸತ್ಯಕ್ಕೆ ಮಾರುಕಟ್ಟೆಯಲ್ಲಿ ಇರುವ ಸ್ಥಾನ ಅಷ್ಟು.

ಮಾಗಿ ಬಂತು. ಒಂದು ಬೆಳಿಗ್ಗೆ ಅಕ್ಕ ಗೋಡೆ ಹಿಡಿದುಕೊಂಡು ಬಂದು, ಇವತ್ತು ಹೋಗೋಣ ಎಂದಳು. ಮಾರಾಟವಾಗದ ಕಾರನ್ನು ಬಾಗಿಲಲ್ಲೇ ಬಿಟ್ಟು ಅಪ್ಪ, ನಾನು, ಅವಳು ಮಂಜಿನಲ್ಲಿ ಬಸ್ಸು ಹತ್ತಿದೆವು. ಕುಣಿಗಲ್ಲಿನಲ್ಲಿ ಇಳಿದು ಆ ಮನೆಗೆ ನಡೆಯುವಾಗ ಅವಳು ಅಲ್ಲಲ್ಲಿ ನಿಂತಳು. ತೋಳು ಹಿಡಿಯಲು ಹೋದ ನನ್ನನ್ನು ದೂರ ಸರಿಸಿದಳು. ನಡುಮನೆಯಲ್ಲಿ ಕುಳಿತು, ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಾ, ಎಲ್ಲವನ್ನೂ ತಾನೇ ಹೇಳಿದಳು: ಎಷ್ಟು ವಯಸ್ಸಿನಿಂದ, ಯಾವ ತಿಂಗಳುಗಳಲ್ಲಿ, ಏನು ಮಾಡಿದರೆ ಇಳಿಯುತ್ತದೆ, ಪೂರ್ತಿ ವಾಸಿಯಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದು. ಅಪ್ಪ ತಾವು ಮುಂದೂಡಿದ ದಿನದ ಬಗ್ಗೆ ಹೇಳಿ ಕೈಮುಗಿದರು. ನಾನು ಬಾಯಿ ತೆರೆಯಲಿಲ್ಲ. ಅಕ್ಕನ ಮಾವ ತೊಲೆ ನೋಡುತ್ತಿದ್ದರು. ಭಾವ ಬಾಗಿಲ ಚೌಕಟ್ಟಿಗೊರಗಿ ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ಅಕ್ಕ ಅವರ ಕಡೆ ಎರಡು ಸಲ ನೋಡಿದಳು.

ಅತ್ತೆ ಬಿಸಿ ಕಾಫಿ ತಂದುಕೊಟ್ಟರು. “ಹೇಳಿದ್ದು ಒಳ್ಳೇದಾಯ್ತು ಕಣವ್ವ” ಎಂದರು. ಧ್ವನಿಯಲ್ಲಿ ಕೊಂಕಿರಲಿಲ್ಲ. ಒಳಗೆ ಹೋಗಿ ತಟ್ಟೆ ತಂದರು. ಅದರಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ತೆಂಗಿನಕಾಯಿ, ಮಡಿಸಿದ ರವಿಕೆಕಣ ಇದ್ದವು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಪದ್ಧತಿ. ಮನೆಯಲ್ಲೇ ಉಳಿಯುವ ಸೊಸೆಗೆ ಯಾರೂ ತಾಂಬೂಲ ಕೊಡುವುದಿಲ್ಲ. ಅಕ್ಕ ಎದ್ದು ನಿಂತು, ಹಣೆಗೆ ಕುಂಕುಮ ಇಡಿಸಿಕೊಂಡು, ಸೆರಗೊಡ್ಡಿ ಅದನ್ನು ತೆಗೆದುಕೊಂಡಳು.

ವಾಪಸು ಬಸ್ಸಿನಲ್ಲಿ ಅಪ್ಪ ನಮ್ಮ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಅಕ್ಕ ಕಿಟಕಿ ಮುಚ್ಚಿ, ಮಡಿಲ ತೆಂಗಿನಕಾಯಿಯ ಮೇಲೆ ಕೈಯೂರಿ, ಮುಂದಕ್ಕೆ ಬಾಗಿ ಉಸಿರಾಡುತ್ತಿದ್ದಳು. ಆ ಸದ್ದನ್ನು ಕೇಳುತ್ತಲೇ ನಾನು ಬೆಳೆದವನು. ಪಕ್ಕದ ಕೋಣೆಯಲ್ಲಿ ಅದು ಏಳುವಾಗ ದಿಂಬಿನಿಂದ ಕಿವಿ ಮುಚ್ಚಿಕೊಂಡು ಮರುದಿನದ ಭಾಷಣವನ್ನು ಬಾಯಿಪಾಠ ಮಾಡಿದವನು. ಹೆಬ್ಬೂರು ಹತ್ತಿರವಾದಾಗ ನಾನು ಕೇಳಿದೆ: ಉಬ್ಬಸ ಬಂದರೆ ಹೇಗಿರುತ್ತೆ ಅಕ್ಕಾ?

ಅವಳು ನನ್ನನ್ನು ನೋಡಿದಳು. ನಾನು ಏನಾದರೂ ವಾದ ಹೂಡುತ್ತಿದ್ದೇನೆಯೇ ಎಂದು ಪರೀಕ್ಷಿಸುವಂತಿತ್ತು ಆ ನೋಟ.

“ಮೊದ್ಲು ಬೆನ್ನಿಂದ ಶುರುವಾಗ್ತದೆ ಕಣೋ,” ಎಂದಳು. ಸ್ವಲ್ಪ ತಡೆದು, ಸುಧಾರಿಸಿಕೊಂಡು, ಮುಂದುವರಿಸಿದಳು.

ಅಪ್ಪ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತರು.