ಗೌರಕ್ಕನ ಕೊನೆಯ ನುಡಿ

ಬೆಳಗ್ಗೆ ವಿಜಯಪುರದಲ್ಲಿ ತಿಕೋಟಾ ಬಸ್ ಹತ್ತಿದೆ. ಬೆನ್ನಿಗೆ ಲ್ಯಾಪ್‌ಟಾಪ್, ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಮೈಕು. ಬಸ್ಸಿನ ತುಂಬ ಹೆಣ್ಣುಮಕ್ಕಳು. ಅವರಿಗೆ ಪುಕ್ಕಟೆ, ನನಗೆ ಟಿಕೆಟು. ಪಕ್ಕದ ಮುದುಕಿ ಗಂಟು ನೋಡಿ, “ಕೂಸೇನೋ ಯಪ್ಪಾ? ಅಳವಲ್ದಲ್ಲ,” ಅಂದಳು.

“ಮೈಕ್ ಅದಬೇ. ಪದ ರೆಕಾರ್ಡ್ ಮಾಡಾಕ ಹೊಂಟೇನಿ.”

“ಹಂಗಾರ ಒಂದ್ ಹಾಡು. ಟಿಕೀಟ್ ತಗದೀಯಲ್ಲ, ಸುಮ್ನ ಯಾಕ ಕುಂದರ್ತಿ?”

ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ತಿಕೋಟಾದಲ್ಲಿ ದ್ರಾಕ್ಷಿ ಪೆಟ್ಟಿಗೆ ಹೊರುತ್ತ ಪದ ಕಟ್ಟಿದೆ. ಆಮೇಲೆ ಹಳೆಯ ಕೀಬೋರ್ಡು ಕೊಂಡು, ಟ್ರ್ಯಾಕ್ಟರಿನ ಮೇಲೆ ಎದೆ ನಡುಗಿಸುವ ಡೀಜೆ ಹಾಡು ಮಾಡಿದೆ. ಪದದ ಮಂದಿ ಕೆಟ್ಟ ಅಂದರು. ಸಿನಿಮಾದ ಹಿನ್ನೆಲೆ ಸಂಗೀತಕ್ಕೆ ಹೋದಾಗ ಡೀಜೆ ಮಂದಿ ಸೊಕ್ಕು ಬಂತು ಅಂದರು. ಅನ್ನಲಿ. ಮೂರೂ ನನ್ನ ಬೆವರಿನವೇ. ಸಿನಿಮಾದಲ್ಲಿ ಮಾತ್ರ ಇಲ್ಲಿಯವರೆಗೆ ಬೇರೆಯವರ ಕೈಕೆಳಗೆ ದುಡಿದಿದ್ದೆ. ಈ ಸಲ ಒಬ್ಬ ನಿರ್ದೇಶಕರು, ಬಬಲೇಶ್ವರದ ಗೌರಕ್ಕನ ಪದವೊಂದನ್ನು ತಂದುಕೊಟ್ಟರೆ ಇಡೀ ಸಿನಿಮಾದ ಸಂಗೀತ ನನ್ನ ಹೆಸರಿಗೇ ಎಂದಿದ್ದರು.

ತಿಕೋಟಾದಲ್ಲಿ ಇಳಿದು ಮಲ್ಲಪ್ಪನ ಒಣದ್ರಾಕ್ಷಿ ಶೆಡ್ಡಿಗೆ ಹೋದೆ. ಒಂದು ಕಾಲಕ್ಕೆ ಇಬ್ಬರೂ ಅಲ್ಲೇ ಕೂಲಿಗಿದ್ದೆವು; ಈಗ ಶೆಡ್ಡು ಅವನದು. ಒಣಗಿದ ಹಣ್ಣು ಉದುರಿಸಲು ಆಳುಗಳು ತಂತಿ ಬಲೆ ಅಲ್ಲಾಡಿಸುತ್ತಿದ್ದರು. ಜಲ್ ಜಲ್ ಎನ್ನುವ ಆ ಸದ್ದನ್ನೇ ತುಂಡರಿಸಿ ಯಂತ್ರದಲ್ಲಿ ತಾಳ ಮಾಡುವ ಯೋಚನೆಯಿಂದ ಮೈಕು ಹಿಡಿದೆ.

“ಮೊದಲ ಹಣ್ಣ ಕದ್ದ ತಿಂತಿದ್ದಿ, ಈಗ ಸಪ್ಪಳಾನೂ ಕದ್ದ ಒಯ್ತಿ?” ಎಂದ ಮಲ್ಲಪ್ಪ.

“ಸಪ್ಪಳ ಒಯ್ದ್ರ ತೂಕ ಕಮ್ಮಿ ಆಗಂಗಿಲ್ಲಲೇ.”

ಅಲ್ಲಿಂದ ಬಬಲೇಶ್ವರಕ್ಕೆ ಜೀಪು. ತುಂಬುವವರೆಗೆ ಅದು ಕದಲಲಿಲ್ಲ. ತುಂಬಿದ ಮೇಲೂ ಇಬ್ಬರನ್ನು ಹಿಂದೆ ನೇತುಹಾಕಿಕೊಂಡಿತು. ಬಿಸಿಲು ಚುರುಗುಟ್ಟುತ್ತಿತ್ತು, ಬಾಯಲ್ಲೆಲ್ಲ ಕರಿಮಣ್ಣಿನ ಧೂಳು.

ನಮ್ಮ ಕಡೆ ಗಂಡು ಹೆಚ್ಚೆನ್ನುವ ಹರದೇಶಿ ಮೇಳ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳ ಎದುರುಬದುರು ಕೂತು ಸವಾಲು-ಜವಾಬು ಹಾಡುತ್ತವೆ. ನಾನು ಹರದೇಶಿ, ಗೌರಕ್ಕ ನಾಗೇಶಿ. ಹಿಂದೆ ಬಹಳ ಸಲ ನನ್ನ ನೀರಿಳಿಸಿದ್ದಾಳೆ. ಆಕೆಯ ಮನೆ ಮುಟ್ಟಿದಾಗ ಬಾಗಿಲಲ್ಲೇ, “ಬಂದೇನ್ಲೇ ಡೀಜೆ? ಕಿವಿ ಕೇಳಸ್ತಾವಿಲ್ಲ ಇನ್ನಾ?” ಎಂದಳು. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಇಟ್ಟಳು. ಉಂಡ ಮೇಲೆ ಒಳಕೋಣೆಯ ಗೋಡೆಗೆಲ್ಲ ಕೌದಿ ತೂಗುಹಾಕಿ, ಸದ್ದು ಮಾರ್ದನಿಸದಂತೆ ಮಾಡಿ, ಹಾಡಿಸಿದೆ. ಕೊನೆಯ ನುಡಿಯಲ್ಲಿ, ಅಂದರೆ ಕಡೆಯ ಚರಣದಲ್ಲಿ, ಬಬಲೇಶ್ವರದ ಹೆಸರು, ತನ್ನ ಗುರುವಿನ ಹೆಸರು ಹೇಳಿ ಕೈಯಲ್ಲಿದ್ದ ದಪ್ಪು ವಾದ್ಯಕ್ಕೆ ಒಂದು ಪೆಟ್ಟು ಕೊಟ್ಟು ನಿಲ್ಲಿಸಿದಳು. ಅದನ್ನು ನಿರ್ದೇಶಕರಿಗೆ ಕಳಿಸಿದೆ.

ನಿರ್ದೇಶಕರ ಫೋನು ಬಂತು. “ಅದ್ಭುತವಾಗಿದೆ. ಆದರೆ ಕೊನೆ ಭಾಗ ತೆಗೀರಿ. ನಮ್ಮ ಕಥೆ ನಡೆಯೋದು ಮಂಡ್ಯ ಕಡೆ, ಅಲ್ಲಿ ಬಬಲೇಶ್ವರ ಯಾಕೆ ಬರುತ್ತೆ?”

ಸ್ಪೀಕರಿನಲ್ಲಿ ಕೇಳಿಸಿಕೊಂಡ ಗೌರಕ್ಕ ದಪ್ಪು ಕೆಳಗಿಟ್ಟಳು. ನಮ್ಮ ಪದ್ಧತಿಯಲ್ಲಿ ಊರು, ಗುರು ಹೇಳದೆ ಪದ ನಿಲ್ಲಿಸಿದವರು ಸೋತಂತೆ. ಎದುರಾಳಿ ಎದ್ದು, ಗೆದ್ದ ಗುರುತಿಗೆ ಹಣೆಗೆ ಅಂಗಾರದ ಬೂದಿ ಹಚ್ಚಿಕೊಂಡು ಹೋಗುತ್ತಾನೆ, ಅಷ್ಟೇ.

“ಇಷ್ಟ್ ವರ್ಷ ನಿನ್ನ ಕೈಲೆ ಆಗ್ಲಿಲ್ಲ. ಈಗ ಮಷೀನ್ ತಂದು ನನ್ನ ಸೋಲಸ್ತಿಯೇನ್ಲೇ?” ಎಂದಳು. ನಗಲಿಲ್ಲ.

“ಸರ್, ಪದ ಇಡೀದು ಇರ್ತದ. ಇಲ್ಲಾಂದ್ರ ಇಲ್ಲ,” ಎಂದೆ ಫೋನಿಗೆ.

“ಇದು ನಿಮ್ಮ ಮೊದಲ ಪೂರ್ತಿ ಸಿನಿಮಾ. ಯೋಚನೆ ಮಾಡಿ. ಬೇರೆಯವರು ರೆಡಿ ಇದ್ದಾರೆ.”

“ಅವರನ್ನ ಕರಸ್ಕೋರಿ. ನನ್ನ ಹೆಸರ ಬರಬೇಕಂತ ಆಕೀ ಹೆಸರ ಅಳಸಂಗಿಲ್ರಿ.”

ಅವರು ಫೋನ್ ಇಟ್ಟರು. ಕೋಣೆಯಲ್ಲಿ ಕೌದಿಗಳ ಹಳೆ ಬಟ್ಟೆಯ ವಾಸನೆ, ನನ್ನ ಬೆವರು.

“ಹೋತೇನು ಸಿನಿಮಾ?”

“ಹೋತಕ್ಕಾ.”

“ಹಂಗಾರ ಹಚ್ಚು ನಿನ್ನ ಡಬ್ಬಿ. ಅದೇನೋ ದ್ರಾಕ್ಷಿ ಸಪ್ಪಳ ತಂದೇನಿ ಅಂದೆಲ್ಲ, ಅದರ ಮ್ಯಾಲ ಹಾಡ್ತೀನಿ. ಜೋರ ಇರ್ಲಿ, ಮುದುಕಿ ಅಂತ ಕನಿಕರ ಬ್ಯಾಡ.”

ಶೆಡ್ಡಿನ ಜಲ್ ಜಲ್ ಸದ್ದನ್ನು ತಾಳಕ್ಕೆ ಕೂಡಿಸಿ ಹಚ್ಚಿದೆ. ತಾಳದ ಮೇಲೆ ಕೂತು ಆಕೆ ಹಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಡೀಜೆಯಲ್ಲಿ ಇಲ್ಲ, ಸಿನಿಮಾದಲ್ಲಿ ಇಲ್ಲ. ಅಲ್ಲಿಯೇ ಕೂತು, ಆಕೆಯ ಹೆಸರು ಮೊದಲು, ನನ್ನದು ಕೆಳಗೆ ಹಾಕಿ, ಇಡೀ ಪದವನ್ನು ನನ್ನ ಚಾನೆಲ್ಲಿಗೇ ಏರಿಸಿದೆ.

ಸಂಜೆ ಬಸ್ಸಿನವರೆಗೆ ಬಂದಳು. ಕಿಟಕಿಗೆ ಕೈ ಹಚ್ಚಿ, “ನಾ ಸವಾಲ್ ಹಾಕೇನಿ. ಜವಾಬ್ ಕಟ್ಟಕೊಂಡ ಬಾ. ಖಾಲಿ ಕೈಲೆ ಬಂದ್ರ ರೊಟ್ಟಿ ಇಲ್ಲ ನೋಡು,” ಎಂದಳು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಆಗಲೇ ಬೆನ್ನು ಹಾಕಿ ನಡೆದಿದ್ದಳು, ಗೆದ್ದವರ ನಡಿಗೆ.

ಬಸ್ಸಿನಲ್ಲೇ, ಎಷ್ಟೋ ವರ್ಷಗಳ ಮೇಲೆ ಮತ್ತೆ ಪದ ಕಟ್ಟಲು ಕೂತೆ. ಮೊದಲ ಸಾಲು ಬಂತು, ಎರಡನೆಯದಕ್ಕೆ ಪ್ರಾಸ ಕೂಡಲಿಲ್ಲ. ಅಷ್ಟರಲ್ಲಿ ಫೋನು ಕುಣಿಯಿತು: ನಿರ್ದೇಶಕರು. ಪ್ರಾಸ ಇನ್ನೂ ಸಿಕ್ಕಿರಲಿಲ್ಲ. ಎತ್ತಲಿಲ್ಲ.